ನಾಲ್ಕನೇ ಪ್ರತಿ

ಫೆಬ್ರವರಿ 10, ಸೋಮವಾರ

ಬಸ್ ಲೇಟು. ಬಸ್ರೂರಿನಿಂದ ನಿಂತುಕೊಂಡೇ ಬಂದೆ. ಕುಂದಾಪುರ ತಲುಪುವಾಗ ಒಂಬತ್ತೂ ಕಾಲು. ರತನ್ ಸರ್ ಆಗಲೇ ಬಂದು ಕೂತಿದ್ದರು. ಯಜಮಾನರು ನಮಗಿಂತ ಮೊದಲು ಬಂದ ದಿನ ಏನಾದರೊಂದು ಹೊಸತು ಇರುತ್ತದೆ.

ಇತ್ತು. ಮಂಗಳೂರಿನಿಂದ ಕೌಶಲ್ ಎನ್ನುವವನು ಬಂದು ನನ್ನ ಕಂಪ್ಯೂಟರಿಗೆ ಸಾಫ್ಟ್‌ವೇರ್ ಹಾಕಿದ. ಕಾನ್ಫಿಡೆನ್ಶಿಯಲ್ ವರದಿ ಇನ್ನು ಮೇಲೆ ಅದರಲ್ಲೇ ಪ್ರಿಂಟ್. ಹದಿನಾಲ್ಕು ವರ್ಷ ಇದೇ ಲ್ಯಾಬಿನಲ್ಲಿ ನೀರು, ಮಣ್ಣು, ಮೀನಿನ ವರದಿ ಪ್ರಿಂಟ್ ತೆಗೆದವಳಿಗೆ ಪ್ರಿಂಟ್ ತೆಗೆಯುವುದು ಹೇಗೆಂದು ಇವತ್ತು ಟ್ರೈನಿಂಗ್!

ಪ್ರತಿ ಹಾಳೆಯ ನೆತ್ತಿಯಲ್ಲಿ ಬೂದು ಬಣ್ಣದ ಒಂದು ಪಟ್ಟಿ. ಅದರಲ್ಲಿ ಲ್ಯಾಬಿನ ಹೆಸರು, ಯಾರಿಗೆ ಕೊಟ್ಟ ಪ್ರತಿ, ಎಷ್ಟನೇ ಪ್ರತಿ ಎಂದು ಬರುತ್ತದೆ. ಅಷ್ಟೇ ಅಲ್ಲವಾ ಎಂದೆ. ಕೌಶಲ್ ನಕ್ಕ. "ಅದು ಕಾಣ್ಲಿಕ್ಕೆ ಇರುವುದು ಮೇಡಂ. ನಿಜವಾದ ಗುರುತು ಕಾಣುದಿಲ್ಲ."

ಅಕ್ಷರದ ಸಾಲುಗಳ ನಡುವಿನ ಜಾಗ ಒಂದೊಂದು ಪ್ರತಿಯಲ್ಲಿ ಒಂದೊಂದು ಥರ. ಕೂದಲೆಳೆಯಷ್ಟು ಹೆಚ್ಚು, ಕೂದಲೆಳೆಯಷ್ಟು ಕಡಿಮೆ. ಪಟ್ಟಿ ಕತ್ತರಿಸಲಿ, ಮೊಬೈಲಿನಲ್ಲಿ ಫೋಟೋ ತೆಗೆಯಲಿ, ಆ ಫೋಟೋವನ್ನು ನೂರು ಜನ ದಾಟಿಸಲಿ — ಸಾಫ್ಟ್‌ವೇರಿಗೆ ಹಾಕಿದರೆ ಯಾರ ಪ್ರತಿ ಎಂದು ಹೇಳುತ್ತದಂತೆ.

ಇದು ಗೊತ್ತಿರುವುದು ಸರ್‌ಗೆ, ಕೌಶಲ್‌ಗೆ, ನನಗೆ. ಯಾರಿಗೂ ಹೇಳುವುದಿಲ್ಲ ಎಂದು ಬಾಂಡ್ ಪೇಪರಿನಲ್ಲಿ ಸಹಿ ಹಾಕಿಸಿಕೊಂಡರು.

ಫೆಬ್ರವರಿ 12, ಬುಧವಾರ

ಒಂದೇ ವರದಿಯ ಎರಡು ಪ್ರತಿ ತೆಗೆದು ಒಂದರ ಮೇಲೊಂದು ಇಟ್ಟು ಕಿಟಕಿ ಗಾಜಿಗೆ ಹಿಡಿದೆ. ಮೊದಲ ಸಾಲು ಸಮ. ಎರಡನೆಯದು ಸಮ. ಆರನೇ ಸಾಲಿಗೆ ಬರುವಾಗ ಅಕ್ಷರಕ್ಕೆ ನೆರಳು ಬಂದ ಹಾಗೆ... ಹನ್ನೊಂದರಲ್ಲಿ ಮತ್ತೆ ಸಮ. ಕಣ್ಣು ನೋಯುವವರೆಗೆ ನೋಡಿದೆ.

ಬುದ್ಧಿವಂತಿಕೆಯ ಕೆಲಸ. ಹೌದು. ಆದರೂ ನನಗೇ ಒಂಥರಾ ಆಯಿತು. ಹಾಳೆ ಕೈಗೆ ತೆಗೆದುಕೊಂಡವನಿಗೆ ತನ್ನ ಹೆಸರು ಅದರ ಮೈತುಂಬ ಇದೆಯೆಂದು ತಿಳಿಯುವುದೇ ಇಲ್ಲ.

ಫೆಬ್ರವರಿ 21, ಶುಕ್ರವಾರ

ಹೊಯ್ಗೆಕೇರಿ ವರದಿ. ಬೈಂದೂರಿನ ಆಚೆ, ಕಡಲ ಬದಿ ಕೇರಿ. ಎಲ್ಲ ಮೀನುಗಾರರ ಮನೆ. ಪಕ್ಕದಲ್ಲಿ ಮೀನಿನ ಹುಡಿ ಮಾಡುವ ಕಾರ್ಖಾನೆ. ಲೈಸೆನ್ಸ್ ರಿನೀವಲ್‌ಗೆ ಸುತ್ತಲಿನ ಬಾವಿ ಪರೀಕ್ಷೆ ಮಾಡಿಸಿದ್ದಾರೆ. ನಮ್ಮ ದೊಡ್ಡ ಕ್ಲೈಂಟು.

ಹನ್ನೊಂದು ಬಾವಿ. ಟೈಪ್ ಮಾಡುತ್ತಾ ಹೋದೆ. ಅಮೋನಿಯಾ, ನೈಟ್ರೇಟ್, ಕೋಲಿಫಾರ್ಮ್ ಬ್ಯಾಕ್ಟೀರಿಯಾ. "ಕುಡಿಯಲು ಯೋಗ್ಯವಲ್ಲ." ಕಾಪಿ, ಪೇಸ್ಟ್. "ಕುಡಿಯಲು ಯೋಗ್ಯವಲ್ಲ." ಏಳು ಸಲ. ಕೊನೆಗೆ — ಕಾರ್ಖಾನೆಯ ಕೊಳಚೆ ಹೊಂಡದಿಂದ ಒಸರುತ್ತಿರುವ ಸಾಧ್ಯತೆ.

ಐದು ಪ್ರತಿ. ಒಂದನೆಯದು ಕಾರ್ಖಾನೆಗೆ, ಎರಡನೆಯದು ಸರ್‌ಗೆ, ಮೂರನೆಯದು ಪರೀಕ್ಷೆ ಮಾಡಿದ ಪ್ರಣವ್‌ಗೆ, ನಾಲ್ಕನೆಯದು ಭೋಜಣ್ಣನಿಗೆ, ಐದನೆಯದು ಫೈಲಿಗೆ. ಭೋಜಣ್ಣನೇ ನೀರು ತಂದವರು. ಯಾವ ಬಾವಿ, ಎಷ್ಟು ಗಂಟೆ ಎಂದು ನೋಡಿ ಅವರು ಸಹಿ ಹಾಕಬೇಕು.

ಕೋಟೇಶ್ವರದಿಂದ ಬೈಕಿನಲ್ಲಿ ಬಂದರು. ಐಸ್ ಬಾಕ್ಸ್ ಇಳಿಸಿ, ಕನ್ನಡಕ ಹಾಕಿ, ನಿಂತಲ್ಲೇ ಓದಿದರು. ಮುಗಿಸಿ ಮತ್ತೆ ಮೊದಲಿನಿಂದ ಓದಿದರು.

"ಸುಗುಣಕ್ಕ, ಈ ಏಳ್ ಮನಿಯವ್ರಿಗ್ ಯಾರ್ ಹೇಳುದ್?"

"ಸರ್ ಹೇಳ್ತ್ರ್ ಅಲ್ದಾ, ಭೋಜಣ್ಣ."

"ಹೇಳ್ತ್ರಾ?"

ನನಗೆ ಗೊತ್ತಿರಲಿಲ್ಲ. ಪೆನ್ನು ಕೊಟ್ಟೆ. ಫೈಲಿನ ಪ್ರತಿಗೆ ಸಹಿ ಹಾಕಿ, ತಮ್ಮದನ್ನು ಚೀಲಕ್ಕೆ ಹಾಕಿಕೊಂಡರು.

ಮಾರ್ಚ್ 3, ಸೋಮವಾರ

ಮಗಳು ಪ್ರಣೀತಾಳಿಗೆ ಪಿಯುಸಿ ಪರೀಕ್ಷೆ ಶುರು. ಬೆಳಿಗ್ಗೆ ಏನೂ ತಿನ್ನದೆ ಹೋದಳು. ಅವಳಪ್ಪ ಜಿತೇಂದ್ರ ಸ್ಕೂಟರಿನಲ್ಲಿ ಬಿಟ್ಟು ಬಂದ. ಬಸ್ಸಿನಿಂದ ಬಿದ್ದು ಕಾಲು ಮುರಿದು ಕಂಡಕ್ಟರ್ ಕೆಲಸ ಬಿಟ್ಟ ಮೇಲೆ ಅವನಿಗೆ ಇಂಥ ಕೆಲಸ ಸಿಕ್ಕಿದರೆ ಖುಷಿ.

ಹತ್ತು ದಿನ ಆಯಿತು, ಹೊಯ್ಗೆಕೇರಿಗೆ ಯಾರೂ ಹೇಳಿಲ್ಲ. ಕಾರ್ಖಾನೆಯವರು "ಡ್ರಾಫ್ಟ್ ಎಂದಿರಲಿ" ಎಂದರಂತೆ. ಮಳೆಗಾಲ ಕಳೆದ ಮೇಲೆ ಮತ್ತೊಮ್ಮೆ ಪರೀಕ್ಷೆಯಂತೆ. ಮಳೆಗಾಲ ಬರುವುದಕ್ಕೇ ಮೂರು ತಿಂಗಳಿದೆ.

ಭೋಜಣ್ಣ ಇವತ್ತು ಸರ್ ಎದುರು ಹೋಗಿ ನಿಂತರು. ಬಾಗಿಲು ತೆರೆದಿತ್ತು. ಎಲ್ಲ ಕೇಳಿತು.

"ಸರ್, ಐದನೇ ಬಾವಿ ಸರಸ ಅಂಬವ್ರದ್ದ್. ಅವ್ರ ಮೊಮ್ಮಗು ಆಸ್ಪತ್ರೆಲಿ ಇತ್ತ್. ಮೂರ್ ದಿನ ಆಯ್ತ್, ವಾಂತಿ ನಿಲ್ಲುದಿಲ್ಲೆ. ಬಳ್ಳಿ ಇಳ್ಸಿ ಆ ನೀರ್ ತೆಗ್ದದ್ದ್ ನಾನ್ ಸರ್."

"ನೀರ್ ಅವ್ರದ್ದ್ ಭೋಜ. ವರದಿ ಕಾರ್ಖಾನೆದ್. ಒಬ್ರ ವರದಿ ಇನ್ನೊಬ್ರಿಗ್ ಕೊಟ್ರೆ ನಾಳಿಂದ ಯಾರ್ ನಮ್ಗ್ ಸ್ಯಾಂಪಲ್ ಕೊಡ್ತ್ರ್? ಇಲ್ಲಿ ಹತ್ತೊಂಬತ್ ಜನ ಇತ್ರ್."

"ಬಾಯಲ್ಲಿ ಹೇಳಿ ಕಂಡೆ ಸರ್. ನಂಬುದಿಲ್ಲೆ. ನೀರ್ ತಿಳಿ ಇತ್ತಲೆ ಅಂತ್ರ್. ಪಂಚಾಯ್ತಿಗ್ ಹೋರೆ ಕಾಗ್ದ ತನ್ನಿ ಅಂತ್ರ್."

ಸರ್ ಎದುರಿನ ಫೈಲ್ ಎಳೆದುಕೊಂಡು "ಹೋಯ್ನಿ, ಕೆಲ್ಸ ಕಾಣಿ" ಎಂದರು. ಸಿಟ್ಟಿನಲ್ಲಿ ಅಲ್ಲ.

ಸರ್ ಕೆಟ್ಟವರೆಂದು ಬರೆಯಲು ಆಗುವುದಿಲ್ಲ. ಜಿತೇಂದ್ರ ಮಂಗಳೂರಿನ ಆಸ್ಪತ್ರೆಯಲ್ಲಿದ್ದ ಎರಡು ತಿಂಗಳು ನನ್ನ ಕುರ್ಚಿ ನನಗೇ ಇಟ್ಟುಕೊಂಡವರು ಅವರು.

ಮಾರ್ಚ್ 5, ಬುಧವಾರ. ಸಂಜೆ 7

ಬರೆಯಲೇಬೇಕು.

ಮಧ್ಯಾಹ್ನ ಮೂರೂವರೆ. ಸರ್ ನನ್ನ ಟೇಬಲಿನ ಎದುರೇ ಕೂತು ಒಂದು ವರದಿಯ ತಪ್ಪು ತಿದ್ದಿಸುತ್ತಿದ್ದರು. ಫೋನ್ ಬಂತು. ಭೋಜಣ್ಣ.

"ಸುಗುಣಕ್ಕ, ಒಂದೇ ಮಾತ್ ಕೇಂತೆ. ಆ ಮೇಲಿನ ಹೆಸ್ರಿನ ಪಟ್ಟಿ ಇತ್ತಲೆ, ಅದನ್ ಕತ್ರಿಸಿರೆ ಯಾರ್ ಪ್ರತಿ ಅಂದ್ ಗೊತ್ತಾತ್ತಾ?"

ಸರ್ ತಲೆ ಎತ್ತಿ ನನ್ನನ್ನೇ ನೋಡುತ್ತಿದ್ದರು. ಸುಮ್ಮನೆ. ಮುಂದಿನ ಪುಟ ತಿರುಗಿಸಲಿ ಎಂದು ಕಾಯುತ್ತಾ. ಅಷ್ಟೇ.

"ಇಲ್ಲೆ" ಎಂದೆ.

"ಇಲ್ಲೆ ಅಲ್ದಾ? ಸಾಕ್. ಇಡ್ತೆ."

ನಾನು ಹೇಳಬೇಕೆಂದಿದ್ದು ಬೇರೆ — ಈಗ ಆಗುವುದಿಲ್ಲ, ಮತ್ತೆ ಫೋನ್ ಮಾಡುತ್ತೇನೆ ಎಂದು. ಬಾಯಿಂದ ಬಂದದ್ದು ಅದು. ಯಾಕೆ ಬಂತು? ಹೌದು ಎಂದಿದ್ದರೂ ಸರ್‌ಗೆ ಏನು ತಿಳಿಯುತ್ತಿತ್ತು? ಒಂದು ಶಬ್ದ. ಹೂಂ ಎಂದಿದ್ದರೂ ಸಾಕಿತ್ತು.

ಯಾರದ್ದು ಫೋನ್ ಎಂದು ಸರ್ ಕೇಳಲೂ ಇಲ್ಲ.

ನಾಲ್ಕೂವರೆಗೆ ಸರ್ ಹೊರಗೆ ಹೋದರು. ಆಗ ಫೋನ್ ಮಾಡಬಹುದಿತ್ತು. ಮಾಡಲಿಲ್ಲ. ಬಾಂಡ್ ಪೇಪರ್ ಕಣ್ಣೆದುರು ಬಂತು. ಭೋಜಣ್ಣ ಬರೀ ಕೇಳಿದ್ದಾರೆ, ಮಾಡುವುದಿಲ್ಲ ಎಂದುಕೊಂಡೆ. ಬಸ್ಸಿನಲ್ಲಿ ಮೆಸೇಜ್ ಬರೆದೆ: "ಭೋಜಣ್ಣ, ಮಾಡಬೇಡಿ, ಬೇರೆ ಗುರುತು ಇದೆ." ಓದಿದೆ. ಇದು ನನ್ನ ಹೆಸರಿನಲ್ಲಿ ಅವರ ಫೋನಿನಲ್ಲಿ ಉಳಿಯುತ್ತದಲ್ಲ... ಅಳಿಸಿದೆ. ಬಸ್ರೂರಿನಲ್ಲಿ ಇಳಿದು ಫೋನ್ ಮಾಡಿದೆ. ಸ್ವಿಚ್ ಆಫ್. ಐದು ನಿಮಿಷ ಬಿಟ್ಟು ಮತ್ತೆ ಮಾಡಿದೆ. ಸ್ವಿಚ್ ಆಫ್.

ಪ್ರಣೀತಾ ನಾಳೆಯ ಪಾಠ ಕೇಳು ಎನ್ನುತ್ತಿದ್ದಾಳೆ. ಹೋಗುತ್ತೇನೆ.

ಮಾರ್ಚ್ 6, ಗುರುವಾರ

ಬೆಳಿಗ್ಗೆ ದೋಸೆ ಹೊಯ್ಯುವಾಗ ಜಿತೇಂದ್ರ ಫೋನ್ ಹಿಡಿದುಕೊಂಡು ಅಡುಗೆಮನೆಗೆ ಬಂದ.

"ಏ, ಇದ್ ಕಾಣ್. ನಿಮ್ಮ್ ಆಫೀಸಿದ್ದಲ್ದಾ?"

ಬೈಂದೂರಿನ ಯಾವುದೋ ಗ್ರೂಪಿನಿಂದ ಬಂದದ್ದು. ಕುಂದಾಪುರದ ಲ್ಯಾಬಿನ ವರದಿಯಂತೆ ಎಂದು ಕೆಳಗೆ ಯಾರೋ ಬರೆದಿದ್ದರು. ಹೊಯ್ಗೆಕೇರಿ ವರದಿಯ ಮೂರನೇ ಪುಟ. ಸ್ವಲ್ಪ ಓರೆ. ಮೇಲಿನ ಪಟ್ಟಿ ಇಲ್ಲ. ಕತ್ತರಿಯಲ್ಲಿ ನೀಟಾಗಿ ತೆಗೆದದ್ದು. ಆ ನೀಟನ್ನೇ ನೋಡುತ್ತಾ ನಿಂತೆ. ದೋಸೆ ಕರಟಿತು.

ಆಫೀಸಿನಲ್ಲಿ ಸರ್ ಫೋನಿನಲ್ಲಿ ಅದೇ ಫೋಟೋ ಹಿಡಿದು ನಿಂತೇ ಇದ್ದರು.

"ಹಾಕಿ ಕಾಣಿ."

"ಸರ್, ಫೋಟೋ ಸಮ ಇಲ್ಲೆ. ಓರೆ ಇತ್ತ್. ಓದುಕ್ ಆತಿಲ್ಲೆ."

"ಹಾಕಿ ಕಾಣಿ, ಸುಗುಣ."

ಹಾಕಿದೆ. ಪರದೆಯ ಮೇಲೆ ಒಂದು ನೀಲಿ ಗೆರೆ ಎಡದಿಂದ ಬಲಕ್ಕೆ ಹೋಯಿತು. ಆಗದಿರಲಿ, ಆಗದಿರಲಿ ಎಂದುಕೊಂಡೆ. ಹತ್ತು ಸೆಕೆಂಡೂ ಆಗಿರಲಿಲ್ಲ.

ಪ್ರತಿ 4. ಭೋಜರಾಜ. ಹೊಂದಿಕೆ ಶೇಕಡಾ 99.

ಸರ್ ಕನ್ನಡಕ ತೆಗೆದು ಟೇಬಲಿನ ಮೇಲಿಟ್ಟರು. "ನಮ್ಮ್ ಭೋಜನಾ?" ಎಂದರು. ಲ್ಯಾಬು ಶುರುವಾದಾಗ ಇದ್ದವರು ಇಬ್ಬರೇ. ಸರ್ ಮತ್ತು ಭೋಜಣ್ಣ.

ಮಾರ್ಚ್ 7, ಶುಕ್ರವಾರ

ಸರ್ ಭೋಜಣ್ಣನನ್ನು ಕರೆಸಿದರು. ನನ್ನನ್ನೂ ಕೂರಿಸಿದರು, ಸಾಕ್ಷಿಗೆ. ಕಾರ್ಖಾನೆಯ ಮ್ಯಾನೇಜರ್ ಸುಧಾಕರ ಇದ್ದ. ಸರ್ ಪರದೆ ತಿರುಗಿಸಿ ತೋರಿಸಿದರು.

ಭೋಜಣ್ಣ ಬಗ್ಗಿ ನೋಡಿದರು. ತಮ್ಮ ಹೆಸರನ್ನು ಓದಿದರು. "ಪಟ್ಟಿ ಕತ್ರಿಸಿದ್ದೆ ಅಲ್ದಾ..." ಎಂದರು. ಯಾರಿಗೂ ಅಲ್ಲ, ತಮಗೇ. ಆ ಮೇಲೆ ನನ್ನ ಕಡೆ ನೋಡಿದರು. ನಾನು ಕೀಬೋರ್ಡ್ ನೋಡಿದೆ.

ಈಗ ಹೇಳುತ್ತಾರೆ ಎಂದುಕೊಂಡೆ. ಸುಗುಣಕ್ಕನ ಹತ್ತಿರ ಕೇಳಿಯೇ ಮಾಡಿದ್ದು ಎನ್ನುತ್ತಾರೆ. ಹೇಳಲಿ ಎಂದೂ ಅನಿಸಿತು. ಹೇಳಲಿಲ್ಲ. ಸುಧಾಕರ ಎಷ್ಟು ಕೇಳಿದರೂ ಒಂದೇ ಮಾತು: "ನಾನೊಬ್ನೇ ಮಾಡ್ದೆ. ಮಕ್ಳ್ ಕುಡಿಯೂ ನೀರ್ ಮಾರಾಯ್ರೆ, ಇನ್ನೆಂತ ಮಾಡುದ್?"

ವಿಚಾರಣೆ ಮುಗಿಯುವವರೆಗೆ ಕೆಲಸಕ್ಕೆ ಬರಬೇಡಿ ಎಂದರು ಸರ್. ಭೋಜಣ್ಣ ಬೈಕಿನ ಕೀಲಿ, ಐಸ್ ಬಾಕ್ಸಿನ ಕೀಲಿ ಟೇಬಲಿನ ಮೇಲಿಟ್ಟು ಎದ್ದರು. ಬೈಕು ಲ್ಯಾಬಿನದ್ದು. ಕೋಟೇಶ್ವರದ ಬಸ್ಸಿಗೆ ಕಾಯುತ್ತ ರಸ್ತೆಯ ಆಚೆ ನಿಂತದ್ದು ಕಿಟಕಿಯಿಂದ ಕಂಡಿತು. ನಾಲ್ಕು ಬಸ್ಸು ಹೋದವು. ಯಾವುದನ್ನೂ ಹತ್ತಲಿಲ್ಲ.

ಬರುವ ಡಿಸೆಂಬರಿಗೆ ಅವರು ರಿಟೈರ್ ಆಗುವುದಿತ್ತು.

ಮಾರ್ಚ್ 19, ಬುಧವಾರ

ಇಷ್ಟು ದಿನ ಈ ಪುಸ್ತಕ ತೆರೆಯಲಿಲ್ಲ.

ಹೊಯ್ಗೆಕೇರಿಗೆ ಪಂಚಾಯಿತಿಯ ಟ್ಯಾಂಕರ್ ನೀರು ಹತ್ತನೇ ತಾರೀಕಿನಿಂದ ಹೋಗುತ್ತಿದೆ. ಸರಸ ಅವರ ಮೊಮ್ಮಗು ಮನೆಗೆ ಬಂದಿದೆಯಂತೆ. ಅದನ್ನು ಕೇಳಿದ ದಿನ ಸಂಜೆ ಸ್ವಲ್ಪ ಹಗುರ ಆಗಿತ್ತು. ಭೋಜಣ್ಣ ಮಾಡಿದ್ದು ಮಾಡಿದ್ದೇ, ಅದನ್ನು ಯಾರೂ ವಾಪಸ್ ತೆಗೆಯಲಾರರು ಎಂದುಕೊಂಡಿದ್ದೆ.

ಇವತ್ತು ಸರ್ ಎರಡು ಪತ್ರ ಟೈಪ್ ಮಾಡಲು ಕೊಟ್ಟರು.

ಒಂದು, ಭೋಜಣ್ಣನ ವಿಚಾರಣೆಯ ಫೈಲಿಗೆ: ಹರಿದಾಡಿದ ಚಿತ್ರ ನಮ್ಮ ವರದಿಯ ನಾಲ್ಕನೇ ಪ್ರತಿಯದ್ದೇ, ಸಂಶಯವಿಲ್ಲ.

ಇನ್ನೊಂದು, ಪಂಚಾಯಿತಿಗೆ: ಹರಿದಾಡಿದ ಚಿತ್ರದಲ್ಲಿ ನಮ್ಮ ಲ್ಯಾಬಿನ ಹೆಸರಾಗಲಿ ಪ್ರತಿ ಸಂಖ್ಯೆಯಾಗಲಿ ಇಲ್ಲ, ಅದು ನಮ್ಮ ವರದಿಯಲ್ಲ, ಹೊಯ್ಗೆಕೇರಿ ಬಗ್ಗೆ ನಾವು ಯಾವ ಅಂತಿಮ ವರದಿಯನ್ನೂ ಕೊಟ್ಟಿಲ್ಲ.

ಎರಡರ ಕೆಳಗೂ — ಸುಗುಣ, ದಾಖಲೆ ವಿಭಾಗ.

"ಸರ್, ಎರಡೂ ಹ್ಯಾಂಗೆ ನಿಜ ಆತ್ತ್?"

"ಎರಡೂ ಬೇರೆ ಬೇರೆ ಫೈಲ್ ಅಲ್ದಾ."

"ಟ್ಯಾಂಕರ್ ನಿಲ್ಸ್ತ್ರ್ ಸರ್, ಇದ್ ಹೋರೆ."

ಸರ್ ಎದ್ದು ಬಾಗಿಲು ಹಾಕಿ ಬಂದರು. ಕಣ್ಣಿನ ಕೆಳಗೆ ಕಪ್ಪಾಗಿದೆ ಅವರಿಗೆ. "ಕಾರ್ಖಾನೆಯವ್ರ್ ಭೋಜನ ಮೇಲೆ ಪೊಲೀಸ್ ಕಂಪ್ಲೇಂಟ್ ಕೊಡ್ತೆ ಅಂದ್ರ್" ಎಂದರು. "ಈ ಪತ್ರ ಹೋರೆ ಕೊಡುದಿಲ್ಲೆ ಅಂದ್ರ್. ನಾನ್ ಎಂತ ಮಾಡ್ಲಿ, ನೀವೇ ಹೇಳಿ."

ಒಂದು ಕಡೆ ಏಳು ಮನೆ. ಇನ್ನೊಂದು ಕಡೆ ಭೋಜಣ್ಣನ ಕೈಗೆ ಕೋಳ. ನಡುವೆ ನನ್ನ ಪೆನ್ನು. ಅದೂ ನಾನು ಸಹಿ ಹಾಕದಿದ್ದರೆ ಪ್ರಣವ್ ಹಾಕುತ್ತಾನೆ. ಪತ್ರ ಹೇಗೂ ಹೋಗುತ್ತದೆ. ಹೀಗೆಲ್ಲ ಲೆಕ್ಕ ಹಾಕಿದೆ.

ಎರಡಕ್ಕೂ ಹಾಕಿದೆ.

ಏಪ್ರಿಲ್ 2, ಬುಧವಾರ

ಟ್ಯಾಂಕರ್ ನಿಂತಿತು.

ಏಪ್ರಿಲ್ 6, ಭಾನುವಾರ

ಕೋಟೇಶ್ವರಕ್ಕೆ ಹೋದೆ. ಭೋಜಣ್ಣನಿಗೆ ಎಲ್ಲ ಹೇಳಿಬಿಡುವುದೆಂದೇ ಹೋದದ್ದು. ಬಸ್ಸಿನಲ್ಲಿ ಮಾತು ಜೋಡಿಸಿಕೊಂಡಿದ್ದೆ. ಆ ದಿನ ಫೋನಿನಲ್ಲಿ ಇಲ್ಲೆ ಎಂದೆನಲ್ಲ, ಅದು ಸುಳ್ಳು. ನನಗೆ ಗೊತ್ತಿತ್ತು. ಇಷ್ಟೇ. ಎರಡು ವಾಕ್ಯ.

ಅಂಗಳದಲ್ಲಿ ತೆಂಗಿನ ಗರಿ ಸೀಳುತ್ತಾ ಕೂತಿದ್ದರು. ಗಡ್ಡ ಬಿಟ್ಟಿದ್ದಾರೆ. ನನ್ನನ್ನು ನೋಡಿ ಎದ್ದು ನಿಂತರು. "ಜಲಜಾ, ಯಾರ್ ಬಂದಿರ್ ಕಾಣ್" ಎಂದು ಹೆಂಡತಿಯನ್ನು ಕೂಗಿದರು. ದನಿಯಲ್ಲಿ ಅಷ್ಟು ಸಂತೋಷ. ಆಫೀಸಿನಿಂದ ಬಂದವಳು ನಾನೊಬ್ಬಳೇ ಅಂತೆ. ಉಳಿದವರು ಫೋನ್ ಕೂಡ ಎತ್ತುವುದಿಲ್ಲವಂತೆ.

ಜಲಜಕ್ಕ ಬೆಲ್ಲ, ನೀರು ಕೊಟ್ಟರು. ನನ್ನ ಮುಖ ನೋಡದೆ ಒಳಗೆ ಹೋದರು.

"ಭೋಜಣ್ಣ, ಆ ದಿನ ನೀವ್ ಫೋನ್ ಮಾಡಿದ್ರಿ ಅಲ್ದಾ..."

ಅವರು ಕೈ ಅಡ್ಡ ಮಾಡಿದರು.

"ಅದ್ ಮನ್ಸಿಗ್ ಹಚ್ಕಣ್ಬೇಡಿ ಸುಗುಣಕ್ಕ. ನಾನ್ ಜಲಜನತ್ರೂ ಹೇಳ್ದೆ. ಪಾಪ, ಸರ್ ನಿಮ್ಗೂ ಹೇಳ್ಲಿಲ್ಲೆ ಅಲ್ದಾ? ಪ್ರಿಂಟ್ ತೆಗೂದ್ ನೀವ್, ನಿಮ್ಮತ್ರೇ ಮುಚ್ಚಿಟ್ರ್. ನಿಮ್ಗ್ ಗೊತ್ತಿದ್ರೆ ನೀವ್ ಹೇಳ್ತಿದ್ರಿ. ನಂಗ್ ಗೊತ್ತಿತ್ತ್."

ನೀರಿನ ಲೋಟ ಕೆಳಗಿಟ್ಟೆ.

"ಹೌದ್" ಎಂದೆ. "ನಂಗೂ ಹೇಳ್ಲಿಲ್ಲೆ."

ಗೇಟಿನವರೆಗೆ ಬಂದು ಬೀಳ್ಕೊಟ್ಟರು. ಹೊಯ್ಗೆಕೇರಿಯಲ್ಲಿ ಈಗ ನೀರು ಸರಿಯಾಗಿ ಬರುತ್ತಿದೆಯಾ ಎಂದು ಕೇಳಿದರು. ಟ್ಯಾಂಕರ್ ನಿಂತದ್ದು ಅವರಿಗೆ ಗೊತ್ತಿಲ್ಲ. "ಬತ್ತಾ ಇತ್ತಂಬ್ರ್" ಎಂದೆ. ಅದೂ ಸುಳ್ಳು.

ಏಪ್ರಿಲ್ 13, ಭಾನುವಾರ. ಮಧ್ಯಾಹ್ನ

ಹೊಯ್ಗೆಕೇರಿಗೆ ಹೋಗಿ ಬಂದೆ. ಜಿತೇಂದ್ರನಿಗೆ ಬೈಂದೂರಿನಲ್ಲಿ ಗೆಳತಿಯ ಮನೆ ಎಂದು ಹೇಳಿ ಹೋದದ್ದು. ಎಷ್ಟು ಸಲ ಆ ಕೇರಿಯ ಹೆಸರು ಟೈಪ್ ಮಾಡಿದ್ದೇನೆ. ನೋಡಿದ್ದು ಇವತ್ತೇ.

ಬಸ್ಸಿಳಿದು ಹೊಯ್ಗೆಯಲ್ಲಿ ಕಾಲು ಹುಗಿಯುತ್ತ ಅರ್ಧ ಮೈಲಿ. ಕಾರ್ಖಾನೆಯ ವಾಸನೆ ರಸ್ತೆಯಿಂದಲೇ. ಬಲೆ ಹರಡಿದ ಅಂಗಳಗಳು. ಬಾವಿಕಟ್ಟೆಗಳ ಮೇಲೆ ನಮ್ಮ ಲ್ಯಾಬಿನ ಬಿಳಿ ಬಣ್ಣದ ನಂಬರು, ಭೋಜಣ್ಣನ ಅಕ್ಷರ. ಐದನೇ ಬಾವಿಯಲ್ಲಿ ಒಬ್ಬರು ನೀರು ಸೇದುತ್ತಿದ್ದರು. ಅರವತ್ತು ದಾಟಿದ, ಗಟ್ಟಿ ಕೈಗಳ ಹೆಂಗಸು. ಸರಸ ಅವರೇ.

"ಅಮ್ಮ, ಈ ನೀರ್ ಕುಡೂಕಾಗ" ಎಂದೆ.

"ನೀವ್ ಯಾರ್?"

"ಲ್ಯಾಬಿನವ್ಳ್."

ಹಗ್ಗ ಹಿಡಿದುಕೊಂಡೇ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಲ್ಯಾಬಿನವ್ರೇ ಅಲ್ದಾ ಬರ್ದ್ ಕೊಟ್ಟದ್ದ್, ಅದ್ ಸುಳ್ ಕಾಗ್ದ ಅಂದ್? ಪಂಚಾಯ್ತಿಲಿ ಅಂಟ್ಸಿರ್. ಯಾರೋ ಹೆಂಗ್ಸಿನ ಸಹಿ ಇತ್ತಂಬ್ರ್."

"ಆ ಹೆಂಗ್ಸ್ ನಾನೇ" ಎಂದೆ. ಹೇಗೆ ಬಂತೋ ಬಾಯಿಗೆ. "ನಾನೇ ಸಹಿ ಹಾಕದ್ದ್. ಸುಳ್ ಬರ್ದೆ. ಮೊದ್ಲಿನ ಕಾಗ್ದವೇ ಸಮ."

ಬೈಯುತ್ತಾರೆ ಎಂದುಕೊಂಡೆ. ಕೊಡಪಾನದ ನೀರು ಮೈಮೇಲೆ ಚೆಲ್ಲಿದರೂ ನಿಲ್ಲುತ್ತಿದ್ದೆ. ಅವರು ಬೈಯಲಿಲ್ಲ. ಕೊಡವನ್ನು ಕಟ್ಟೆಯ ಮೇಲಿಟ್ಟು, ಸೆರಗಿನಲ್ಲಿ ಕೈ ಒರೆಸಿಕೊಂಡು, ನೇರ ಮುಖ ನೋಡಿ ಹೇಳಿದರು:

"ಹಾಂಗಾರೆ ಅದನ್ನೇ ಬರ್ದ್ ಕೊಡಿ."

"ಕೊಡ್ತೆ" ಎಂದೆ. "ನಾಳೆ ಬರ್ದ್ ಕಳ್ಸ್ತೆ."

"ನಾಳೆ?" ಎಂದರು. ಅಷ್ಟೇ. ನಂಬಿದರೋ ಇಲ್ಲವೋ. ಒಳಗಿನಿಂದ ಮಗು ಕೂಗಿತು. "ಬಂದೆ ಮಗಾ" ಎಂದು ಕೊಡ ಸೊಂಟಕ್ಕೇರಿಸಿಕೊಂಡು ಹೋದರು. ಹೋಗದೆ ಏನು ಮಾಡುತ್ತಾರೆ? ಮನೆಯಲ್ಲಿ ಬೇರೆ ನೀರಿಲ್ಲ.

ಅದೇ ದಿನ, ಸಂಜೆ

ಚಾ ಕುಡಿದು ಆಯಿತು. ಪ್ರಣೀತಾ, ಜಿತೇಂದ್ರ ಪೇಟೆಗೆ ಹೋಗಿದ್ದಾರೆ. ಮನೆಯಲ್ಲಿ ನಾನೊಬ್ಬಳೇ.

ಬರೆದುಕೊಟ್ಟರೆ ಭೋಜಣ್ಣನ ಮೇಲೆ ಕಂಪ್ಲೇಂಟ್ ಹೋಗುತ್ತದೆ. ಕಾರ್ಖಾನೆಯವರು ಹೇಳಿಯೇ ಇದ್ದಾರೆ. ಭೋಜಣ್ಣನನ್ನು ಕೇಳಿ ಬರೆಯಬೇಕು. ಕೇಳಬೇಕಾದರೆ ಫೋನಿನ ಮಾತು ಹೇಳಬೇಕು. ನನ್ನ ಕೆಲಸ ಹೋಗುವುದು ಆಮೇಲಿನ ಮಾತು. ಬರೆಯದಿದ್ದರೆ ನಾಳೆ ಬೆಳಿಗ್ಗೆಯೂ ಸರಸ ಅವರು ಅದೇ ಹಗ್ಗ ಇಳಿಸುತ್ತಾರೆ.

ಮೊದಲು ಇಲ್ಲಿ ಬರೆದು ನೋಡುತ್ತೇನೆ. ಸರಿಯಾದರೆ ಒಳ್ಳೆಯ ಹಾಳೆಗೆ ಇಳಿಸಬಹುದು. ಪ್ರಿಂಟ್ ಬೇಡ. ಕೈಬರಹವೇ ಸಾಕು.

ಗೆ,
ಪಂಚಾಯಿತಿ ಅಧ್ಯಕ್ಷರು

ಬಸ್ರೂರಿನ ನಿವಾಸಿ ಸುಗುಣ ಆದ ನಾನು ಈ ಮೂಲಕ ತಿಳಿಸುವುದೇನೆಂದರೆ, ಮಾರ್ಚ್ 19ರಂದು ನಾನು ಸಹಿ ಮಾಡಿ ತಮಗೆ ಕಳಿಸಿದ ಪತ್ರವು ಸುಳ್ಳು.